ಇನ್‌ಬಾಕ್ಸ್ ಅನ್ನು ಅಟ್ಟ ಮಾಡಿಕೊಳ್ಳಬೇಡಿ: ಮೇಲ್, ಕ್ಯಾಲೆಂಡರ್, ಡಾಕ್ಸ್ ಬಳಸುವವರಿಗೆ ಒಂದಿಷ್ಟು ಉಪಾಯ

ಒಂದು ಕಾಲಕ್ಕೆ ನನ್ನ ಜಿಮೇಲ್‌ನಲ್ಲಿ ಓದದೇ ಬಿದ್ದಿದ್ದ ಮೇಲ್‌ಗಳ ಲೆಕ್ಕ 14 ಸಾವಿರ ದಾಟಿತ್ತು. ಮುಕ್ಕಾಲು ಪಾಲು ಜಾಹೀರಾತು. ಉಳಿದದ್ದರಲ್ಲಿ ಟಿಕೆಟ್ ಇತ್ತು, ಬಿಲ್ ಇತ್ತು, 'ನಾಳೆಯೊಳಗೆ ಉತ್ತರ ಕೊಡಿ' ಅಂತ ಯಾರೋ ಬರೆದು ಮೂರು ತಿಂಗಳಾಗಿದ್ದ ಮೇಲ್ ಕೂಡ ಇತ್ತು. ಬೇಕಾದ್ದು ಕೈಗೆ ಸಿಗುವುದಿಲ್ಲ, ಬೇಡದ್ದು ಕಾಲಿಗೆ ತೊಡರುತ್ತದೆ, ಥೇಟ್ ಅಟ್ಟದ ಹಾಗೆ.

ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಮೇಲ್ ತೆರೆದ ತಕ್ಷಣ ಎರಡೇ ಪ್ರಶ್ನೆ. ಇದಕ್ಕೆ ತಾರೀಖು ಇದೆಯಾ? ಇದ್ದರೆ ಕ್ಯಾಲೆಂಡರ್‌ಗೆ ಹೋಗಲಿ. ಇದನ್ನು ನಾಲ್ಕು ಜನ ಸೇರಿ ತಿದ್ದಬೇಕಾ? ಹಾಗಾದರೆ ಡಾಕ್ಸ್‌ಗೆ ಹೋಗಲಿ. ಎರಡೂ ಅಲ್ಲದಿದ್ದರೆ ಉತ್ತರ ಬರೆದು ಆರ್ಕೈವ್ ಮಾಡಿ, ಇಲ್ಲವೇ ಅಳಿಸಿ. ಕೆಳಗಿರುವ ಉಪಾಯಗಳೆಲ್ಲ ಇಷ್ಟನ್ನು ಸಲೀಸಾಗಿ ಮಾಡುವುದಕ್ಕೆ. ನಾನು ಬಳಸುವುದು ಗೂಗಲ್‌ನ ಸಾಮಾನುಗಳು, ಹಾಗಾಗಿ ಬಟನ್‌ಗಳ ಹೆಸರೆಲ್ಲ ಅದರದ್ದೇ. ಮೈಕ್ರೋಸಾಫ್ಟ್‌ನ ಔಟ್‌ಲುಕ್ ಬಳಸುವವರಿಗೂ ಇದರಲ್ಲಿ ಹೆಚ್ಚಿನದು ಸಿಗುತ್ತದೆ, ಹೆಸರು ಬೇರೆ ಅಷ್ಟೇ. ಇಲ್ಲಿ 'ಫಿಲ್ಟರ್' ಅನ್ನುವುದಕ್ಕೆ ಅಲ್ಲಿ 'ರೂಲ್ಸ್' ಅನ್ನುತ್ತಾರೆ.

ಮೊದಲು ಮೇಲ್

ಅಳಿಸುವುದಕ್ಕೂ ಆರ್ಕೈವ್ ಮಾಡುವುದಕ್ಕೂ ಇರುವ ವ್ಯತ್ಯಾಸ ತುಂಬ ಜನಕ್ಕೆ ಗೊತ್ತಿಲ್ಲ, ಹಾಗಾಗಿ ಭಯಕ್ಕೆ ಎಲ್ಲವನ್ನೂ ಇನ್‌ಬಾಕ್ಸ್‌ನಲ್ಲೇ ಬಿಟ್ಟಿರುತ್ತಾರೆ. ಅಳಿಸಿದ ಮೇಲ್ ಟ್ರ್ಯಾಶ್‌ಗೆ ಹೋಗಿ 30 ದಿನ ಇದ್ದು ಆಮೇಲೆ ಪೂರ್ತಿ ಮಾಯ. ಆರ್ಕೈವ್ ಮಾಡಿದ್ದು ಎಲ್ಲಿಗೂ ಹೋಗುವುದಿಲ್ಲ. ಇನ್‌ಬಾಕ್ಸ್‌ನಿಂದ ಮರೆಯಾಗಿ 'ಆಲ್ ಮೇಲ್' ಅನ್ನುವ ಕಡೆ ಇರುತ್ತದೆ, ಹುಡುಕಿದರೆ ಸಿಗುತ್ತದೆ, ಆ ಮಾತುಕತೆಗೆ ಯಾರಾದರೂ ಮತ್ತೆ ಉತ್ತರ ಬರೆದರೆ ತಾನಾಗೇ ಇನ್‌ಬಾಕ್ಸ್‌ಗೆ ವಾಪಸ್ ಬರುತ್ತದೆ. ಇದು ತಿಳಿದ ಮೇಲೆ ನನಗೆ ಕೈ ಧೈರ್ಯ ಬಂತು.

ಇನ್ನು ಹುಡುಕುವುದು. ಮೇಲಿನ ಸರ್ಚ್ ಪೆಟ್ಟಿಗೆಯಲ್ಲಿ ಒಂದು ಪದ ಹಾಕಿ, ಬಂದ 300 ಮೇಲ್ ನೋಡಿ ಸುಸ್ತಾಗಬೇಡಿ. ಆ ಪೆಟ್ಟಿಗೆಯ ಬಲತುದಿಯಲ್ಲಿ ಅಡ್ಡಗೆರೆಗಳ ಮೇಲೆ ಚುಕ್ಕಿ ಇಟ್ಟ ಹಾಗೆ ಕಾಣುವ ಒಂದು ಚಿಕ್ಕ ಚಿತ್ರ ಇದೆ. ಅದನ್ನು ಒತ್ತಿದರೆ ಒಂದು ಫಾರ್ಮ್ ಬಿಚ್ಚಿಕೊಳ್ಳುತ್ತದೆ: ಯಾರಿಂದ ಬಂತು, ಯಾವ ಪದ ಇರಬೇಕು, ಯಾವ ಪದ ಇರಬಾರದು, ಎಷ್ಟು ದೊಡ್ಡದು, ಯಾವ ತಾರೀಖಿನ ಆಸುಪಾಸು, ಅಟ್ಯಾಚ್‌ಮೆಂಟ್ ಇದೆಯಾ. ಇದರಲ್ಲಿ ಎರಡು ತುಂಬಿದರೂ ಸಾಕು, 300 ಹೋಗಿ 5 ಉಳಿಯುತ್ತದೆ. 'ಯಾರು ಕಳಿಸಿದ್ದು ಅಂತ ನೆನಪಿಲ್ಲ, ಆದರೆ ಪಿಡಿಎಫ್ ಇತ್ತು, ಕಳೆದ ವರ್ಷದ ಕೊನೆಯಲ್ಲಿ ಬಂದಿತ್ತು' ಅನ್ನುವಷ್ಟು ನೆನಪಿದ್ದರೂ ಸಿಕ್ಕಿಬಿಡುತ್ತದೆ.

ಅದೇ ಫಾರ್ಮ್‌ನ ಕೆಳಗೆ 'ಕ್ರಿಯೇಟ್ ಫಿಲ್ಟರ್' ಅಂತ ಇದೆ ನೋಡಿ, ನನ್ನ 14 ಸಾವಿರ ಕರಗಿದ್ದು ಅದರಿಂದಲೇ. ದಿನಾ ಜಾಹೀರಾತು ಕಳಿಸುವವರ ವಿಳಾಸವನ್ನು 'ಫ್ರಮ್' ಜಾಗದಲ್ಲಿ ಹಾಕಿ, ಕ್ರಿಯೇಟ್ ಫಿಲ್ಟರ್ ಒತ್ತಿ, ಮುಂದಿನ ಪಟ್ಟಿಯಲ್ಲಿ 'ಸ್ಕಿಪ್ ದ ಇನ್‌ಬಾಕ್ಸ್' ಗುರುತು ಮಾಡಿ, ಬೇಕಿದ್ದರೆ ಒಂದು ಲೇಬಲ್ ಕೊಡಿ. ಇಲ್ಲಿ ಹೆಚ್ಚಿನವರು ಬಿಡುವುದು ಕೊನೆಯ ಗುರುತನ್ನು: 'ಆಲ್ಸೋ ಅಪ್ಲೈ ಫಿಲ್ಟರ್ ಟು ಮ್ಯಾಚಿಂಗ್ ಕಾನ್ವರ್ಸೇಶನ್ಸ್'. ಅದನ್ನು ಹಾಕಿದರೆ ಇನ್ನು ಮುಂದೆ ಬರುವುದಷ್ಟೇ ಅಲ್ಲ, ಈಗಾಗಲೇ ಬಂದು ಕೂತಿರುವ ಹಳೆಯದೂ ಒಂದೇ ಏಟಿಗೆ ಪಕ್ಕಕ್ಕೆ ಸರಿಯುತ್ತದೆ. ದಿನಕ್ಕೆ ಎರಡು ಫಿಲ್ಟರ್ ಅಂತ ಲೆಕ್ಕ ಇಟ್ಟುಕೊಂಡರೆ ಒಂದು ತಿಂಗಳಲ್ಲಿ ಇನ್‌ಬಾಕ್ಸ್ ಗುರುತೇ ಸಿಗುವುದಿಲ್ಲ.

ಹೊಸ ವೆಬ್‌ಸೈಟ್‌ಗೆ ಮೇಲ್ ವಿಳಾಸ ಕೊಡಬೇಕಾದಾಗ ಒಂದು ಕಿಲಾಡಿ ಉಪಾಯ ಇದೆ. ನಿಮ್ಮ ವಿಳಾಸದಲ್ಲಿ ಆಟ್ ಚಿಹ್ನೆಯ ಹಿಂದೆ, ನಿಮ್ಮ ಹೆಸರಾದ ಮೇಲೆ, ಪ್ಲಸ್ ಹಾಕಿ ಯಾವುದಾದರೂ ಪದ ಸೇರಿಸಿ. ಮೇಲ್ ನಿಮಗೇ ಬರುತ್ತದೆ. ಆದರೆ 'ಟು' ಜಾಗದಲ್ಲಿ ಆ ಪದ ಕಾಣುವುದರಿಂದ ನಿಮ್ಮ ವಿಳಾಸವನ್ನು ಬೇರೆಯವರಿಗೆ ದಾಟಿಸಿದ್ದು ಯಾರು ಅಂತ ಗೊತ್ತಾಗುತ್ತದೆ, ಅದರ ಮೇಲೇ ಫಿಲ್ಟರ್ ಕೂಡ ಹಾಕಬಹುದು. ಕೆಲವು ಸೈಟ್‌ಗಳು ಪ್ಲಸ್ ಕಂಡರೆ 'ತಪ್ಪು ವಿಳಾಸ' ಅನ್ನುತ್ತವೆ, ಅದಕ್ಕೆ ಏನೂ ಮಾಡಲಾಗದು.

'ಅನ್‌ಡೂ ಸೆಂಡ್' ಬಗ್ಗೆ ಒಂದು ಮಾತು. ಕಳಿಸಿದ ಮೇಲ್ ಹಿಂದಕ್ಕೆ ಕರೆಯಲು ಮೊದಲಿಗೆ ನಿಮಗೆ ಸಿಗುವುದು 5 ಸೆಕೆಂಡ್ ಮಾತ್ರ. ಅಷ್ಟರಲ್ಲಿ 'ಅಯ್ಯೋ' ಅನ್ನುವುದಕ್ಕೂ ಆಗುವುದಿಲ್ಲ. ಮೇಲೆ ಬಲಗಡೆ ಹಲ್ಲಿನ ಚಕ್ರದ ಚಿತ್ರ ಒತ್ತಿ, 'ಸೀ ಆಲ್ ಸೆಟ್ಟಿಂಗ್ಸ್'ಗೆ ಹೋಗಿ, ಜನರಲ್ ಪುಟದಲ್ಲೇ ಅದನ್ನು 30 ಮಾಡಿ. ಮಾಡಿ ಸುಮ್ನೆ ಎದ್ದು ಬರಬೇಡಿ, ಪುಟದ ತಳಕ್ಕೆ ಇಳಿದು 'ಸೇವ್ ಚೇಂಜಸ್' ಒತ್ತಬೇಕು. ನಾನು ಎರಡು ಸಲ ಮರೆತಿದ್ದೇನೆ. ಇದಕ್ಕಿಂತ ಒಳ್ಳೆಯ ಅಭ್ಯಾಸ ಇನ್ನೊಂದಿದೆ: ಬೇಜಾರಿನಲ್ಲಿ ಅಥವಾ ರಾತ್ರಿ ಬರೆದ ಮೇಲ್ ಆದರೆ 'ಟು' ಜಾಗವನ್ನು ಖಾಲಿ ಬಿಟ್ಟು ಬರೆಯಿರಿ, ವಿಳಾಸ ಕೊನೆಗೆ ಹಾಕಿ. ವಿಳಾಸವೇ ಇಲ್ಲದ ಮೇಲ್ ಕೈತಪ್ಪಿ ಹೋಗುವುದಾದರೂ ಎಲ್ಲಿಗೆ? 'ಸೆಂಡ್' ಪಕ್ಕದ ಬಾಣ ಒತ್ತಿದರೆ 'ಶೆಡ್ಯೂಲ್ ಸೆಂಡ್' ಸಿಗುತ್ತದೆ. ರಾತ್ರಿ ಬರೆದು ಬೆಳಿಗ್ಗೆ ಹೋಗುವ ಹಾಗೆ ಇಟ್ಟರೆ ಎದ್ದ ಮೇಲೆ ಇನ್ನೊಮ್ಮೆ ಓದುವುದಕ್ಕೂ ಆಗುತ್ತದೆ.

ಗುಂಪಿನ ಮೇಲ್‌ನಲ್ಲಿ 'ಧನ್ಯವಾದ', 'ನನ್ನದೂ ಅದೇ' ಅಂತ ಬರುತ್ತಲೇ ಇದ್ದರೆ ಮೂರು ಚುಕ್ಕಿ ಒತ್ತಿ 'ಮ್ಯೂಟ್' ಮಾಡಿ. ನಾಲ್ಕು ದಿನ ಆದ ಮೇಲೆ ನೋಡಬೇಕಾದ್ದಿದ್ದರೆ 'ಸ್ನೂಜ್' ಮಾಡಿ. ಒಬ್ಬರಿಗೊಬ್ಬರು ಪರಿಚಯ ಇಲ್ಲದ 40 ಜನಕ್ಕೆ ಒಂದೇ ಮೇಲ್ ಕಳಿಸುವಾಗ ಎಲ್ಲರ ವಿಳಾಸವನ್ನೂ ಬಿಸಿಸಿಯಲ್ಲಿ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಜಾಗ) ಹಾಕಿ, ದಯವಿಟ್ಟು.

ಜಾಗದ ವಿಷಯ. ಪುಕ್ಕಟೆ ಸಿಗುವ 15 ಜಿಬಿ ಬರೀ ಮೇಲ್‌ಗಲ್ಲ. ಜಿಮೇಲ್, ಫೈಲ್‌ಗಳನ್ನು ಇಡುವ ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಅಷ್ಟೇ. ತುಂಬಿದರೆ ಹೊಸ ಮೇಲ್ ಬರುವುದೇ ನಿಂತುಹೋಗಬಹುದು. ಮೇಲೆ ಹೇಳಿದ ಸರ್ಚ್ ಫಾರ್ಮ್‌ನಲ್ಲಿ 10 ಎಂಬಿಗಿಂತ ದೊಡ್ಡದು ಅಂತ ಹುಡುಕಿ ಅಳಿಸಿ, ಆಮೇಲೆ ಟ್ರ್ಯಾಶ್ ಕೂಡ ಖಾಲಿ ಮಾಡಿ. ಟ್ರ್ಯಾಶ್‌ನಲ್ಲಿ ಇರುವಷ್ಟು ದಿನವೂ ಅದು ಜಾಗ ತಿನ್ನುತ್ತಲೇ ಇರುತ್ತದೆ.

ತಾರೀಖು ಇರುವುದೆಲ್ಲ ಕ್ಯಾಲೆಂಡರ್‌ಗೆ

ಮೇಲ್ ತೆರೆದಿದ್ದಾಗ ಮೇಲಿನ ಮೂರು ಚುಕ್ಕಿಯೊಳಗೆ 'ಕ್ರಿಯೇಟ್ ಈವೆಂಟ್' ಅಂತ ಇದೆ. ಒತ್ತಿದರೆ ಮೇಲ್‌ನ ವಿಷಯವೇ ತಲೆಬರಹ ಆಗಿ, ಒಳಗಿನ ಬರಹ ವಿವರ ಆಗಿ, ಕ್ಯಾಲೆಂಡರ್‌ನಲ್ಲಿ ಹೊಸ ಪುಟ ತೆರೆಯುತ್ತದೆ. ತಾರೀಖು, ಸಮಯ ಸರಿಮಾಡಿ ಸೇವ್ ಮಾಡಿದರೆ ಆಯಿತು. ಆದರೆ ಒಂದು ಎಚ್ಚರ. ಆ ಮೇಲ್‌ನಲ್ಲಿ ಇದ್ದವರನ್ನೆಲ್ಲ ಅದು ತಾನಾಗೇ ಅತಿಥಿಗಳ ಪಟ್ಟಿಗೆ ಸೇರಿಸಿರುತ್ತದೆ. 'ಇವರ ಬಿಲ್ ಕಟ್ಟಬೇಕು' ಅಂತ ನೀವು ನಿಮಗೋಸ್ಕರ ಬರೆದುಕೊಂಡ ನೆನಪೋಲೆ ಅವರಿಗೇ ಆಹ್ವಾನ ಪತ್ರಿಕೆಯಾಗಿ ಹೋದರೆ ಚೆನ್ನಾಗಿರುವುದಿಲ್ಲ, ಅಲ್ವಾ? ಬಲಗಡೆಯ ಪಟ್ಟಿಯಲ್ಲಿ ಹೆಸರುಗಳನ್ನು ತೆಗೆದು ಆಮೇಲೆ ಸೇವ್ ಮಾಡಿ. 'ಆಹ್ವಾನ ಕಳಿಸಲಾ' ಅಂತ ಕೇಳಿದರೆ ಬೇಡ ಅನ್ನಿ.

ಸಮಯ ಗೊತ್ತುಮಾಡುವ ಅಗತ್ಯ ಇಲ್ಲದ ಚಿಲ್ಲರೆ ಕೆಲಸಗಳಿಗೆ ಈವೆಂಟ್ ಬೇಡ, 'ಆಡ್ ಟು ಟಾಸ್ಕ್ಸ್' ಸಾಕು. ಟಾಸ್ಕ್‌ಗೆ ತಾರೀಖು ಹಾಕಿದರೆ ಅದೂ ಕ್ಯಾಲೆಂಡರ್‌ನಲ್ಲಿ ಕಾಣುತ್ತದೆ, ಒತ್ತಿದರೆ ಮೂಲ ಮೇಲ್‌ಗೆ ಕರೆದುಕೊಂಡು ಹೋಗುತ್ತದೆ.

ಯಾರೋ ಗೊತ್ತಿಲ್ಲದವರು ಕಳಿಸಿದ 'ನಿಮಗೆ ಬಹುಮಾನ ಬಂದಿದೆ' ಅನ್ನುವ ಈವೆಂಟ್ ನಿಮ್ಮ ಕ್ಯಾಲೆಂಡರ್‌ನಲ್ಲಿ ಇದ್ದಕ್ಕಿದ್ದಂತೆ ಕಂಡಿದೆಯಾ? ಕ್ಯಾಲೆಂಡರ್ ಸೆಟ್ಟಿಂಗ್ಸ್‌ನ 'ಈವೆಂಟ್ ಸೆಟ್ಟಿಂಗ್ಸ್'ನಲ್ಲಿ ಆಹ್ವಾನಗಳನ್ನು ಯಾವಾಗ ಸೇರಿಸಬೇಕು ಅಂತ ಒಂದು ಆಯ್ಕೆ ಇದೆ. ಅದನ್ನು 'ಕಳಿಸಿದವರು ಪರಿಚಯದವರಾಗಿದ್ದರೆ ಮಾತ್ರ' ಅನ್ನುವುದಕ್ಕೆ ಬದಲಿಸಿ. ಅದೇ ಪುಟದಲ್ಲಿ 'ಸ್ಪೀಡಿ ಮೀಟಿಂಗ್ಸ್' ಅಂತಲೂ ಇದೆ. ಆನ್ ಮಾಡಿದರೆ ಅರ್ಧ ಗಂಟೆಯ ಮೀಟಿಂಗ್ 25 ನಿಮಿಷಕ್ಕೆ, ಒಂದು ಗಂಟೆಯದ್ದು 50 ನಿಮಿಷಕ್ಕೆ ಮುಗಿಯುವ ಹಾಗೆ ಬೀಳುತ್ತದೆ. ಮೀಟಿಂಗ್ ನಿಜವಾಗಿ ಅಷ್ಟಕ್ಕೆ ಮುಗಿಯುತ್ತದೆಯೋ ಇಲ್ಲವೋ, ನೀರು ಕುಡಿಯಲು ಐದು ನಿಮಿಷ ಕೇಳುವ ಹಕ್ಕಾದರೂ ಸಿಗುತ್ತದೆ.

ಬೇರೆ ದೇಶದವರ ಜೊತೆ ವಾರವಾರ ಮಾತಾಡುವವರಿಗೆ ಒಂದು ವಿಷಯ. ಕೆಲವು ದೇಶಗಳಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರವನ್ನು ಒಂದು ಗಂಟೆ ಹಿಂದೆ ಮುಂದೆ ಮಾಡುತ್ತಾರೆ. ಮತ್ತೆ ಮತ್ತೆ ಬರುವ ಈವೆಂಟ್ ಯಾವ ಜಾಗದ ಟೈಮ್ ಜೋನ್‌ನಲ್ಲಿ ಮಾಡಿದ್ದೋ ಆ ಜಾಗದ ಗಡಿಯಾರವನ್ನೇ ಹಿಂಬಾಲಿಸುತ್ತದೆ. ಅಲ್ಲಿಯವರು ಮಾಡಿದ್ದಾದರೆ ಅವರ ಗಡಿಯಾರ ಸರಿದಾಗ ನಿಮ್ಮ ಮೀಟಿಂಗ್ ಕೂಡ ಒಂದು ಗಂಟೆ ಸರಿಯುತ್ತದೆ, ಪಕ್ಕದ ಇನ್ನೊಂದು ಮೀಟಿಂಗ್ ಮೇಲೆ ಹೋಗಿ ಕೂರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಎರಡನೇ ಟೈಮ್ ಜೋನ್ ಹಾಕಿಕೊಂಡರೆ ಎಡಗಡೆ ಎರಡೂ ಊರಿನ ಗಂಟೆ ಒಟ್ಟಿಗೆ ಕಾಣುತ್ತದೆ.

ಕ್ಯಾಲೆಂಡರ್ ಹಂಚಿಕೊಳ್ಳುವಾಗ 'ಸೀ ಓನ್ಲಿ ಫ್ರೀ ಬಿಜಿ' ಕೊಟ್ಟರೆ ನೀವು ಬಿಡುವಾಗಿದ್ದೀರೋ ಇಲ್ಲವೋ ಅಂತಷ್ಟೇ ತಿಳಿಯುತ್ತದೆ. ಆಫೀಸಿನವರಿಗೆ ಅಷ್ಟು ಸಾಕು. ಡಾಕ್ಟರ್ ಹತ್ತಿರ ಯಾಕೆ ಹೋಗುತ್ತಿದ್ದೀರಿ ಅಂತ ಅವರಿಗೆ ಯಾಕೆ ಬೇಕು? ಮನೆಯವರಿಗೆ ಬೇರೆಯದೇ ಒಂದು ಕ್ಯಾಲೆಂಡರ್ ಮಾಡಿ, ಅದನ್ನು ತಿದ್ದುವ ಹಕ್ಕಿನ ಜೊತೆ ಕೊಡಿ. ಯಾರಾದರೂ ಕೈತಪ್ಪಿ ಅಳಿಸಿದರೂ ಕ್ಯಾಲೆಂಡರ್‌ಗೂ ಒಂದು ಟ್ರ್ಯಾಶ್ ಇದೆ, 30 ದಿನ ಅಲ್ಲಿಂದ ವಾಪಸ್ ತರಬಹುದು.

ಡಾಕ್ಸ್, ಶೀಟ್ಸ್, ಮತ್ತು ನಾನು ಕೆಟ್ಟ ಕಥೆ

ಒಂದು ಕಾರ್ಯಕ್ರಮಕ್ಕೆ ಬರುವವರ ಪಟ್ಟಿ ಮಾಡಬೇಕಿತ್ತು. ಶೀಟ್ಸ್‌ನಲ್ಲಿ ಹೆಸರು, ಫೋನ್ ನಂಬರ್, ಎಷ್ಟು ಜನ ಅಂತ ಮೂರು ಕಾಲಂ ಹಾಕಿ, ಅವಸರದಲ್ಲಿ 'ಎನಿವನ್ ವಿತ್ ದ ಲಿಂಕ್' ಜೊತೆ 'ಎಡಿಟರ್' ಕೊಟ್ಟು, ಅಂದರೆ ಲಿಂಕ್ ಸಿಕ್ಕವರೆಲ್ಲ ತಿದ್ದುವ ಹಾಗೆ ಮಾಡಿ, ಗುಂಪಿಗೆ ಬಿಟ್ಟೆ. ಎರಡು ದಿನದಲ್ಲಿ 120 ಹೆಸರು ತುಂಬಿತು. ಮೂರನೇ ದಿನ ಒಬ್ಬರಿಗೆ ಫೋನ್ ಮಾಡಿದರೆ ಎತ್ತಿದವರೇ ಬೇರೆ. ಇನ್ನೊಬ್ಬರಿಗೆ ಮಾಡಿದೆ, ಅದೂ ಬೇರೆ. ಆಗಿದ್ದೇನು ಅಂದರೆ, ಯಾರೋ ಪುಣ್ಯಾತ್ಮರು ಅಕ್ಷರದ ಕ್ರಮದಲ್ಲಿ ಇರಲಿ ಅಂತ ಹೆಸರಿನ ಕಾಲಂ ಒಂದನ್ನೇ ಆರಿಸಿ ಸಾರ್ಟ್ ಮಾಡಿದ್ದರು. ಹೆಸರುಗಳು ಸರಿದವು, ನಂಬರ್‌ಗಳು ಇದ್ದಲ್ಲೇ ಉಳಿದವು.

ಕಾಪಾಡಿದ್ದು 'ವರ್ಷನ್ ಹಿಸ್ಟರಿ'. ಫೈಲ್ ಮೆನುವಿನಲ್ಲಿ ಇದೆ. ಬಲಗಡೆ ತಾರೀಖು, ಗಂಟೆ, ತಿದ್ದಿದವರ ಹೆಸರು ಸಮೇತ ಪಟ್ಟಿ ಬರುತ್ತದೆ. ಲಾಗಿನ್ ಆಗದೆ ಲಿಂಕ್‌ನಿಂದ ಬಂದವರು 'ಅನಾನಿಮಸ್' ಅಂತ ಮಾತ್ರ ಕಾಣುತ್ತಾರೆ, ಹಾಗಾಗಿ ಮಾಡಿದವರು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಹಳೆಯದೊಂದನ್ನು ಒತ್ತಿ ನೋಡಿ, ಸರಿ ಇದ್ದರೆ 'ರಿಸ್ಟೋರ್' ಮಾಡಬಹುದು. ಆದರೆ ನನಗೆ ಅದು ಆಗುತ್ತಿರಲಿಲ್ಲ, ಯಾಕೆಂದರೆ ಸಾರ್ಟ್ ಆದ ಮೇಲೆ ಮತ್ತೆ 15 ಜನ ಹೆಸರು ಸೇರಿಸಿದ್ದರು, ರಿಸ್ಟೋರ್ ಮಾಡಿದರೆ ಅವರು ಪಟ್ಟಿಯಿಂದ ಹೋಗುತ್ತಿದ್ದರು. ಅಂಥ ಹೊತ್ತಲ್ಲಿ ಆ ಹಳೆಯ ವರ್ಷನ್ ಪಕ್ಕದ ಮೂರು ಚುಕ್ಕಿ ಒತ್ತಿ 'ಮೇಕ್ ಎ ಕಾಪಿ' ಮಾಡಿ. ಹಳೆಯದು ಬೇರೆ ಫೈಲ್ ಆಗಿ ಬರುತ್ತದೆ, ಹೊಸ ಸಾಲುಗಳನ್ನು ಅದರ ಕೆಳಗೆ ಅಂಟಿಸಿದರೆ ಮುಗಿಯಿತು. ಹತ್ತು ನಿಮಿಷದ ಕೆಲಸ.

ಈಗ ನಾನು ಮೂರು ಕೆಲಸ ಮರೆಯುವುದಿಲ್ಲ. ಮುಖ್ಯ ಕಾಲಂಗಳನ್ನು ಡೇಟಾ ಮೆನುವಿನ 'ಪ್ರೊಟೆಕ್ಟ್ ಶೀಟ್ಸ್ ಆ್ಯಂಡ್ ರೇಂಜಸ್' ಒಳಗೆ ಬೀಗ ಹಾಕುತ್ತೇನೆ. ಬೇರೆಯವರಿಗೆ 'ಸಾರ್ಟ್ ಬೇಕಿದ್ದರೆ ಫಿಲ್ಟರ್ ವ್ಯೂ ಬಳಸಿ' ಅನ್ನುತ್ತೇನೆ, ಅದು ಅವರ ಪರದೆಯಲ್ಲಿ ಮಾತ್ರ ಬದಲಾಗುತ್ತದೆ, ಮೂಲ ಅಲುಗುವುದಿಲ್ಲ. ಮತ್ತೆ, ಪಟ್ಟಿ ಒಂದು ಹಂತಕ್ಕೆ ಬಂದಾಗ 'ನೇಮ್ ಕರೆಂಟ್ ವರ್ಷನ್' ಒತ್ತಿ ಅದಕ್ಕೊಂದು ಹೆಸರು ಕೊಡುತ್ತೇನೆ. ಹೆಸರಿಲ್ಲದ ಹಳೆಯ ವರ್ಷನ್‌ಗಳನ್ನು ಜಾಗ ಉಳಿಸಲು ಒಂದಕ್ಕೊಂದು ಸೇರಿಸಿಬಿಡುವುದುಂಟು, ಹೆಸರಿಟ್ಟದ್ದಾದರೆ ಹುಡುಕುವುದೂ ಸುಲಭ. ನಿಜ ಹೇಳಬೇಕೆಂದರೆ 120 ಜನರ ಫೋನ್ ನಂಬರ್ ಇರುವ ಶೀಟ್ ಅನ್ನು ಹಾಗೆ ಬಿಟ್ಟದ್ದೇ ತಪ್ಪು. ಅಂಥದ್ದಕ್ಕೆ ಗೂಗಲ್ ಫಾರ್ಮ್ಸ್ ಸರಿ. ತುಂಬುವವರಿಗೆ ಫಾರ್ಮ್ ಮಾತ್ರ ಕಾಣುತ್ತದೆ, ಶೀಟ್ ನಿಮ್ಮ ಹತ್ತಿರವೇ ಇರುತ್ತದೆ.

ಶೇರ್ ಮಾಡುವಾಗ ಮೂರು ಮೆಟ್ಟಿಲು ನೆನಪಿಡಿ: ವ್ಯೂವರ್ ಓದುತ್ತಾರೆ, ಕಾಮೆಂಟರ್ ಓದಿ ಹೇಳುತ್ತಾರೆ, ಎಡಿಟರ್ ಏನು ಬೇಕಾದರೂ ಮಾಡುತ್ತಾರೆ. ಎಡಿಟರ್ ಆದವರು ಇನ್ನೊಬ್ಬರಿಗೆ ಹಂಚುವುದಕ್ಕೂ ಆಗುತ್ತದೆ ಅನ್ನುವುದು ಎಷ್ಟೋ ಜನಕ್ಕೆ ತಿಳಿಯದು. ಅದು ಬೇಡದಿದ್ದರೆ ಶೇರ್ ಪೆಟ್ಟಿಗೆಯ ಮೇಲಿರುವ ಹಲ್ಲಿನ ಚಕ್ರ ಒತ್ತಿ ಆ ಗುರುತು ತೆಗೆಯಿರಿ. ಓದುವವರು ಡೌನ್‌ಲೋಡ್, ಪ್ರಿಂಟ್ ಮಾಡದ ಹಾಗೆ ತಡೆಯುವ ಗುರುತೂ ಅಲ್ಲೇ ಇದೆ. ಸ್ಕ್ರೀನ್‌ಶಾಟ್ ತೆಗೆಯುವವರನ್ನು ತಡೆಯಲು ಮಾತ್ರ ಯಾವ ಗುರುತೂ ಇಲ್ಲ.

ಬೇರೆಯವರ ಬರಹ ತಿದ್ದುವಾಗ ನೇರವಾಗಿ ಅಳಿಸಿ ಬರೆಯಬೇಡಿ. ಬಲಗಡೆ ಮೇಲಿನ ಪೆನ್ಸಿಲ್ ಒತ್ತಿ 'ಸಜೆಸ್ಟಿಂಗ್' ಮಾಡಿಕೊಳ್ಳಿ. ನಿಮ್ಮ ತಿದ್ದುಪಡಿ ಬೇರೆ ಬಣ್ಣದಲ್ಲಿ ಕಾಣುತ್ತದೆ, ಒಪ್ಪುವುದು ಬಿಡುವುದು ಬರೆದವರಿಗೆ ಸೇರಿದ್ದು. ಇದರಿಂದ ಎಷ್ಟೋ ಮನಸ್ತಾಪ ತಪ್ಪುತ್ತದೆ.

'ಇದನ್ನು ನೀವು ಕಾಪಿ ಮಾಡಿಕೊಂಡು ತುಂಬಿ' ಅಂತ ಹೇಳಿ ಲಿಂಕ್ ಕೊಟ್ಟರೂ ಮೂಲದಲ್ಲೇ ತುಂಬುವವರು ಇರುತ್ತಾರೆ. ಅದಕ್ಕೆ ಲಿಂಕ್‌ನ ಕೊನೆಯಲ್ಲಿರುವ 'ಎಡಿಟ್' ಅನ್ನುವ ಇಂಗ್ಲಿಷ್ ಪದವನ್ನೂ ಅದಾದ ಮೇಲೆ ಇರುವುದನ್ನೂ ಅಳಿಸಿ, ಆ ಜಾಗದಲ್ಲಿ 'ಕಾಪಿ' ಅಂತ ಇಂಗ್ಲಿಷ್‌ನಲ್ಲೇ ಬರೆದು ಕಳಿಸಿ. ತೆರೆದವರಿಗೆ ಮೊದಲು 'ಕಾಪಿ ಮಾಡಿಕೊಳ್ಳಿ' ಅನ್ನುವ ಬಟನ್ ಒಂದೇ ಕಾಣುತ್ತದೆ.

ಕನ್ನಡದಲ್ಲಿ ಟೈಪ್ ಮಾಡಲು ಬೇಜಾರಾದವರಿಗೆ: ಕಂಪ್ಯೂಟರ್‌ನಲ್ಲಿ ಕ್ರೋಮ್ ಬಳಸಿ ಡಾಕ್ಸ್ ತೆರೆದು, ಟೂಲ್ಸ್ ಮೆನುವಿನಲ್ಲಿ 'ವಾಯ್ಸ್ ಟೈಪಿಂಗ್' ಒತ್ತಿ, ಮೈಕ್ ಮೇಲಿನ ಪಟ್ಟಿಯಲ್ಲಿ ಕನ್ನಡ ಆರಿಸಿ ಮಾತಾಡಿ. ನಿಧಾನಕ್ಕೆ ಹೇಳಿದರೆ ಚೆನ್ನಾಗೇ ಬರೆದುಕೊಳ್ಳುತ್ತದೆ. ಚುಕ್ಕಿ, ಅಲ್ಪವಿರಾಮ ಮಾತ್ರ ನೀವೇ ಹಾಕಬೇಕು. ಅಚ್ಚಾದ ಪುಟದ ಫೋಟೋ ಇದ್ದರೆ ಡ್ರೈವ್‌ಗೆ ಹಾಕಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ಓಪನ್ ವಿತ್' ಒಳಗೆ ಗೂಗಲ್ ಡಾಕ್ಸ್ ಆರಿಸಿದರೆ ಚಿತ್ರದ ಕೆಳಗೆ ಅದರ ಅಕ್ಷರಗಳು ಬರಹವಾಗಿ ಬರುತ್ತವೆ, ಕನ್ನಡ ಕೂಡ. ಒತ್ತಕ್ಷರ ಅಲ್ಲಲ್ಲಿ ಎಡವುತ್ತದೆ, ಒಮ್ಮೆ ಕಣ್ಣಾಡಿಸಿ.

ಫೈಲ್ ಯಾರ ಹೆಸರಿನಲ್ಲಿದೆ ಅನ್ನುವುದನ್ನೂ ನೋಡಿಕೊಳ್ಳಿ. ವರ್ಷಗಟ್ಟಲೆ ನೀವೇ ತುಂಬಿದ ಶೀಟ್ ಆದರೂ ಮಾಡಿದವರು ಬೇರೆಯವರಾದರೆ ಅವರು ಪೂರ್ತಿ ಅಳಿಸಿದ ದಿನ ನಿಮ್ಮ ಕೈಯಿಂದಲೂ ಹೋಗುತ್ತದೆ. ಕೆಲಸ ಬಿಟ್ಟು ಹೋಗುವವರ ಖಾತೆ ಮುಚ್ಚುವ ಮೊದಲೇ ಓನರ್ ಬದಲಾಯಿಸಿಕೊಳ್ಳಿ, ಇಲ್ಲವೇ ಕಾಪಿ ಇಟ್ಟುಕೊಳ್ಳಿ.

ಬೀಗದ ಕೈ

ಮೇಲ್ ಖಾತೆ ಹೋದರೆ ಬರೀ ಮೇಲ್ ಹೋಗುವುದಿಲ್ಲ. ಬೇರೆ ಎಲ್ಲ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಬಂದು ಬೀಳುವುದೂ ಅಲ್ಲಿಗೇ. ಹಾಗಾಗಿ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವ 'ಟು ಸ್ಟೆಪ್ ವೆರಿಫಿಕೇಶನ್' ಇವತ್ತೇ ಆನ್ ಮಾಡಿ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ 'ಫಾರ್ವರ್ಡಿಂಗ್' ಪುಟವನ್ನೂ ಫಿಲ್ಟರ್‌ಗಳ ಪುಟವನ್ನೂ ಆಗಾಗ ನೋಡಿ. ಒಳಗೆ ನುಗ್ಗಿದ ಕಳ್ಳರು ನಿಮ್ಮ ಮೇಲ್‌ನ ಪ್ರತಿ ತಮಗೆ ಬರುವ ಹಾಗೆ ಅಲ್ಲಿ ಒಂದು ವಿಳಾಸ ಸೇರಿಸಿ ಸದ್ದಿಲ್ಲದೆ ಹೋಗಿರುತ್ತಾರೆ, ಆಮೇಲೆ ನೀವು ಪಾಸ್‌ವರ್ಡ್ ಬದಲಿಸಿದರೂ ಆ ಕೊಳವೆ ಹರಿಯುತ್ತಲೇ ಇರುತ್ತದೆ. ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಬಹುದು, ಹಾಗಾಗಿ ಹಳೆಯ ಖಾತೆಯಲ್ಲಿ ಫೋಟೋ ಇಟ್ಟಿದ್ದರೆ ಆಗಾಗ ಒಮ್ಮೆ ಲಾಗಿನ್ ಆಗಿ.

ಫೋನ್ ಕಳೆದುಹೋದ ದಿನಕ್ಕೆ ಅಂತ ಅದೇ ಟು ಸ್ಟೆಪ್ ಪುಟದಲ್ಲಿ 10 'ಬ್ಯಾಕಪ್ ಕೋಡ್' ಕೊಡುತ್ತಾರೆ. ಡ್ರೈವ್‌ನಲ್ಲೇ ಇಡಬೇಡಿ, ಅದು ಬೀಗದ ಕೈಯನ್ನು ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಕಾಗದದ ಮೇಲೆ ಬರೆದು ಮುಖ್ಯ ದಾಖಲೆಗಳ ಜೊತೆ ಇಡಿ. ಒಂದು ಕೋಡ್ ಒಂದೇ ಸಲ ನಡೆಯುತ್ತದೆ, ಬಳಸಿದ್ದರ ಮೇಲೆ ಗೀಟು ಎಳೆಯಿರಿ.